ಕುತ್ತಿಗೆಪಟ್ಟಿಗೆ ಹಚ್ಚಿದ ಅರಿಶಿನ

ಮಡಿಯಿಂದ ತಪ್ಪಿಸಿಕೊಳ್ಳಲೆಂದೇ ಲಂಡನ್ನಿಗೆ ಬಂದೆ ಎಂದರೆ ಸುಳ್ಳಾದೀತು. ಗಂಡನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಬಂದೆ. ಆದರೆ ಧಾರವಾಡದ ಆ ಅಡುಗೆಮನೆ ದೂರವಾಯಿತಲ್ಲ ಎಂದು ವಿಮಾನದಲ್ಲೇ ಖುಷಿಪಟ್ಟದ್ದು ಮಾತ್ರ ನಿಜ. ಅಲ್ಲಿ ಅತ್ತೆ ಮಣೆಯ ಮೇಲೆ ಕೂತು ಉಣ್ಣಬೇಕು, ನಾನು ನಿಂತು ಬಡಿಸಬೇಕು, ಅವರು ಕೈ ತೊಳೆದ ಮೇಲೆ ನನ್ನ ತಾಟು. ಅದನ್ನು ಮುಟ್ಟಬೇಡ, ಇದನ್ನು ಮುಟ್ಟಿ ಒಲೆಯ ಹತ್ತಿರ ಬರಬೇಡ ಎನ್ನುವುದಂತೂ ಮುಗಿಯುತ್ತಲೇ ಇರಲಿಲ್ಲ. ಹಾಗೆ ಬಿಟ್ಟು ಬಂದ ಮಡಿ ತೊಂಬತ್ತರ ದಶಕದ ನಡುವಿನಲ್ಲಿ ಲಂಡನ್ನಿನ ಅಂಚಿನ ಸಟನ್ನಿನ ಒಂದು ಚರ್ಚ್ ಹಾಲಿನಲ್ಲಿ ನನಗಾಗಿ ಕಾದು ಕೂತಿತ್ತು ನೋಡಿ!

ಲೈಬ್ರರಿಯ ಗೋಡೆಯ ಮೇಲೆ ಹೊಲಿಗೆ ಕ್ಲಾಸಿನ ಚೀಟಿ ಕಂಡು, ಒಂದೆರಡು ಬ್ಲೌಸ್ ಹೊಲಿಯಲು ಕಲಿತರಾಯಿತು ಎಂದು ಹೋದವಳು ನಾನು. ಹೋಗಿ ನೋಡಿದರೆ ಅಲ್ಲಿದ್ದವರು ನಾನೂರು ಐನೂರು ವರ್ಷ ಹಿಂದಿನ ಇಂಗ್ಲೆಂಡಿನ ಉಡುಪುಗಳನ್ನು ಸೂಜಿ ಹಿಡಿದು ಕೈಯಲ್ಲೇ ಹೊಲಿಯುತ್ತಿದ್ದರು. ಯಾಕೆ ಎಂದು ಕೇಳಿದೆ. ಹವ್ಯಾಸ ಎಂದರು. ಎದ್ದು ಬರಬೇಕು ಎನ್ನುವಷ್ಟರಲ್ಲಿ ಯಾರೋ ಕೈಗೊಂದು ತುಂಡು ಬಿಳಿ ಲಿನನ್ ಬಟ್ಟೆ ಕೊಟ್ಟರು, ಅಂಚು ಮಡಿಸಿ ನಾಲ್ಕು ಹೊಲಿಗೆ ಹಾಕಿ ನೋಡಿ ಎಂದರು. ಹಾಕಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಅಷ್ಟು ಹಿಡಿಸಿಬಿಟ್ಟಿತು ಅದು ನನಗೆ.

ಗುಂಪಿನ ಮುಖ್ಯಸ್ಥೆ ಬಿಳಿಗೂದಲಿನ ಒಬ್ಬ ಎತ್ತರದ ಹೆಂಗಸು. ಆಕೆಗೆ ನಾನು ಮನಸ್ಸಿನಲ್ಲೇ ಮಡಿಯಜ್ಜಿ ಎಂದು ಹೆಸರಿಟ್ಟಿದ್ದೆ. ಮಷಿನ್ ಹೊಲಿಗೆ ಮೈಲಿಗೆ, ಜಿಪ್ ಮೈಲಿಗೆ, ಪ್ಲಾಸ್ಟಿಕ್ ಗುಂಡಿ ಮೈಲಿಗೆ, ಪಾಲಿಯೆಸ್ಟರ್ ದಾರದ ಹೆಸರೆತ್ತಿದರೆ ಸ್ನಾನವೇ ಮಾಡಬೇಕೇನೋ ಎಂಬಂಥ ಮುಖ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹೊಲಿದದ್ದನ್ನು ಒಳಮೈ ಹೊರಳಿಸಿ ನೋಡುತ್ತಿದ್ದಳು. ಹೊರಗೆ ಕಾಣುವುದನ್ನು ಯಾರಾದರೂ ಚಂದ ಮಾಡುತ್ತಾರೆ ಎನ್ನುವುದು ಆಕೆಯ ಮಾತು.

ಪ್ರತಿ ಬೇಸಿಗೆಯಲ್ಲಿ ಗುಂಪಿನವರು ಒಂದು ಹಳೆಯ ಬಂಗಲೆಯ ತೋಟದಲ್ಲಿ ಆ ಕಾಲದ ಔತಣ ನಡೆಸುತ್ತಿದ್ದರು, ಊರಿನವರು ಟಿಕೆಟ್ ಕೊಂಡು ನೋಡಲು ಬರುತ್ತಿದ್ದರು. ಮಡಿಯಜ್ಜಿ ಪಾಸು ಮಾಡಿದ ಉಡುಪು ತೊಟ್ಟವರಿಗೆ ಉದ್ದನೆಯ ಮೇಜಿನಲ್ಲಿ ಜಾಗ. ಉಳಿದವರಿಗೆ ಗೇಟಿನ ಪಕ್ಕದ ಚಹದ ಟೇಬಲ್ಲು. ಎರಡು ಬೇಸಿಗೆ ನಾನು ಸಲ್ವಾರ್ ಕಮೀಜಿನ ಮೇಲೆ ಏಪ್ರನ್ ಕಟ್ಟಿ ಚಹ ಸುರಿದೆ. ಮೂರನೆಯ ಬೇಸಿಗೆಯ ಹೊತ್ತಿಗೆ ಬಿಳಿ ಲಿನನ್ನಿನ ಉದ್ದನೆಯ ಒಳಅಂಗಿ, ಅದರ ಮೇಲೆ ಕಡುಹಸಿರು ಉಣ್ಣೆಯ ಗೌನು, ಎರಡೂ ಮುಗಿದಿದ್ದವು. ಏನಾದರಾಗಲಿ, ಈ ಸಲ ಆ ಮೇಜಿನಲ್ಲಿ ಕೂತೇ ತೀರುತ್ತೇನೆ ಎಂದು ಹಠ ಹಿಡಿದಿದ್ದೆ. ಆ ಹಠದಲ್ಲಿ ಮನೆಯಲ್ಲಿ ಎಷ್ಟು ದಿನ ಬರೀ ಅನ್ನ ತಿಳಿಸಾರು ಆಯಿತೋ ನನ್ನ ಗಂಡನನ್ನೇ ಕೇಳಬೇಕು.

ಆಗಲೇ ಅತ್ತೆ ಬಂದಿಳಿದರು. ಧಾರವಾಡದಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಕಿತ್ತುಹೋದ ಗುಂಡಿಯನ್ನೂ ಸಿಂಪಿಗನ ಹತ್ತಿರವೇ ಹಾಕಿಸಿದವರು.

"ಏನವಾ ಇದು? ನಿನ್ನ ಗಂಡ ಡಾಕ್ಟರ ಇದ್ದಾನೋ ಇಲ್ಲೋ? ಈ ಊರಾಗ ಸಿಂಪಿಗ್ಯಾರ ಇಲ್ಲೇನು? ಯಾರ ಅರಿವಿ ಇವು?"

"ಐನೂರು ವರ್ಷದ ಹಿಂದಿನ ಹೆಂಗಸರು ಇಂಥಾವ ಹಾಕೋತಿದ್ರಂತ, ಅತ್ತಿ."

"ಅವರು ಸತ್ತು ಹೋಗ್ಯಾರಲ್ಲ. ಮತ್ತ ಯಾರ ಸಲುವಾಗಿ ಹೊಲಿಯಾಕತ್ತಿ?"

ನಾನು ಸೂಜಿಗೆ ಮತ್ತೊಂದು ಎಳೆ ದಾರ ಪೋಣಿಸಿದೆ.

ಔತಣದ ಹಿಂದಿನ ದಿನ ಮಧ್ಯಾಹ್ನ ಗೌನು, ಒಳಅಂಗಿ ಎರಡನ್ನೂ ಇಸ್ತ್ರಿ ಮಾಡಿ ಹಾಸಿಗೆಯ ಮೇಲೆ ಹರವಿ, ಹಾಲು ತರಲು ಅಂಗಡಿಗೆ ಹೋದೆ. ಬಂದು ನೋಡುತ್ತೇನೆ, ಗೌನಿನ ಹೊರಗೆ ಕಾಣುವ ಒಳಅಂಗಿಯ ಬಿಳೀ ಕುತ್ತಿಗೆಪಟ್ಟಿಯ ನಟ್ಟನಡುವೆ ಬೆರಳಗಲದ ಅರಿಶಿನ, ಅದರ ಮೇಲೊಂದು ಕುಂಕುಮದ ಬೊಟ್ಟು!

"ಅತ್ತೀ! ಏನ ಮಾಡಿದ್ರಿ ಇದು?"

"ನಾಳೆ ಹೊಸಾ ಅರಿವಿ ಹಾಕ್ಕೊಳ್ಳಾಕಿ. ಅರಿಶಿಣ ಕುಂಕುಮ ಹಚ್ಚದ ಹಂಗ ಹಾಕ್ಕೋತಾರೇನು? ಮೂಲಿಗೆ ಹಚ್ಚೋಣು ಅಂದ್ರ ಇದಕ್ಕ ಮೂಲೀನ ಇಲ್ಲ, ಸುತ್ತೂ ಗುಂಡಗ. ಹುಡುಕಿ ಹುಡುಕಿ ಸಾಕಾತು. ಕಡೀಕ ಕುತ್ತಿಗಿಗೆ ಹಚ್ಚಿದೆ. ಎದ್ದು ಕಾಣತದ, ಚಂದ ಆಗೇದ."

ಎದ್ದು ಕಾಣುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಸೀರೆಗೆ ಮೂಲೆಯಿರುತ್ತದೆ, ಧೋತರಕ್ಕೆ ಇರುತ್ತದೆ. ಐನೂರು ವರ್ಷ ಹಿಂದಿನ ಇಂಗ್ಲಿಷ್ ಹೆಂಗಸರು ನಮ್ಮ ಅತ್ತೆ ಬರುತ್ತಾರೆಂದು ಒಂದು ಮೂಲೆಯನ್ನಾದರೂ ಬಿಡಬಾರದಿತ್ತೆ? ಸೋಪು ತಗುಲಿದರೆ ಅರಿಶಿನ ಕೆಂಪಾಗುತ್ತದೆ ಎಂದು ಹುಟ್ಟಿದಾಗಿನಿಂದ ಗೊತ್ತಿದ್ದೂ ಗಾಬರಿಯಲ್ಲಿ ಸೋಪು ಹಾಕಿ ತಿಕ್ಕಿದೆ. ಕೆಂಪಾಯಿತು. ಇನ್ನು ಬಿಸಿಲಿಗೆ ಒಣಹಾಕಿದರೆ ಹೋಗುತ್ತದೆ, ನಿಜ. ಸಟನ್ನಿನಲ್ಲಿ ಬಿಸಿಲನ್ನು ಎಲ್ಲಿಂದ ತರಲಿ? ಹೇರ್ ಡ್ರೈಯರ್ ಹಿಡಿದೆ. ಗಂಡ ಬಾಗಿಲಲ್ಲಿ ಇಣುಕಿ, "ಗಾಯ ಆಗೇದೇನು?" ಎಂದು ಕೇಳಿದ. ಅವನಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಮರುದಿನ ಅದೇ ಕಲೆಯ ಉಡುಪನ್ನು ಚೀಲದಲ್ಲಿ ಹೊತ್ತು ತೋಟಕ್ಕೆ ಹೋದೆ, ಅತ್ತೆಯೂ ಇಳಕಲ್ ಸೀರೆಯುಟ್ಟು ಜೊತೆಗೆ ಬಂದರು. ಮಡಿಯಜ್ಜಿ ಡೇರೆಯಲ್ಲಿ ನನ್ನ ಗೌನು, ಒಳಅಂಗಿ ಎರಡನ್ನೂ ಎಲ್ಲಾ ಕಡೆ ಹೊರಳಿಸಿ ನೋಡಿದಳು. ಹೊಲಿಗೆ ಬಹಳ ಚೆನ್ನಾಗಿದೆ ಎಂದಳು. ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆಮೇಲೆ ಕಣ್ಣು ಕುತ್ತಿಗೆಪಟ್ಟಿಗೆ ಬಂತು. ಹೊಸ ಬಟ್ಟೆಗೆ ನಮ್ಮ ಕಡೆ ಹೀಗೆ ಹಚ್ಚುವ ಪದ್ಧತಿ, ನಮ್ಮ ಅತ್ತೆ ಹಚ್ಚಿದ್ದು ಎಂದು ವಿವರಿಸಿದೆ. ಆಕೆ ಸಿಟ್ಟಾಗಲಿಲ್ಲ. ಸೊಂಟದಲ್ಲಿ ತೂಗುತ್ತಿದ್ದ ಕತ್ತರಿಯನ್ನು ಬಿಚ್ಚಿ ನನ್ನ ಕೈಗಿಟ್ಟು, "ಪರವಾಗಿಲ್ಲ ಡಿಯರ್, ಈ ಪಟ್ಟಿಯನ್ನು ಕತ್ತರಿಸಿ ತೆಗೆದುಬಿಡಿ. ನನ್ನ ಹತ್ತಿರ ಬೇರೆ ಪಟ್ಟಿಯಿದೆ, ಕೂಡಿಸಿಕೊಂಡರೆ ನೀವು ಪಾಸು," ಎಂದಳು.

ಎಷ್ಟು ಸುಲಭ! ಡೇರೆಯ ಬಾಗಿಲಲ್ಲಿ ಅತ್ತೆ ನಿಂತು ನೋಡುತ್ತಿದ್ದರು. ಕತ್ತರಿ ತೆರೆದೆ. ಅರಿಶಿನ ಕುಂಕುಮ ಹಚ್ಚಿದ ಹೊಸ ಬಟ್ಟೆ. ಮಡಿ ಮೈಲಿಗೆಯನ್ನೆಲ್ಲ ಗೇಲಿ ಮಾಡುವ ನನ್ನ ಕೈ ಅದನ್ನು ಕತ್ತರಿಸಲು ಏಳಲೇ ಇಲ್ಲ. ನನಗೇ ನನ್ನ ಮೇಲೆ ಸಿಟ್ಟು ಬಂತು, ಅಳುವೂ ಬಂತು. "ಆಗುವುದಿಲ್ಲ," ಎಂದು ಕತ್ತರಿ ವಾಪಸು ಕೊಟ್ಟೆ. "ಹಾಗಾದರೆ ಚಹದ ಟೇಬಲ್ಲು," ಎಂದಳು ಮಡಿಯಜ್ಜಿ. ಹಸಿರು ಗೌನು ತೊಟ್ಟು ಅದರ ಮೇಲೆ ಏಪ್ರನ್ ಕಟ್ಟಿಕೊಂಡೆ.

ಅತ್ತ ಔತಣದ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ದೂರದೇಶದ ವ್ಯಾಪಾರಿಯ ವೇಷದಲ್ಲಿ ಅಲ್ಲಿ ಕೂರಬೇಕಿದ್ದ ಮನುಷ್ಯನಿಗೆ ಜ್ವರ. ಮಡಿಯಜ್ಜಿಯ ಕಣ್ಣು ಅತ್ತೆಯ ಸೀರೆಯ ಮೇಲೆ ಬಿತ್ತು. ಬಗ್ಗಿ ಅಂಚು ನೋಡಿದಳು, ನೆರಿಗೆ ನೋಡಿದಳು. ಕೈಮಗ್ಗದ ಬಟ್ಟೆ, ಒಂದೇ ಒಂದು ಮಷಿನ್ ಹೊಲಿಗೆಯಿಲ್ಲ. ಎಷ್ಟು ಕಾಲದಿಂದ ಹೀಗೆ ನೇಯುತ್ತಾರೆ ಎಂದು ಕೇಳಿದಳು. "ನೀವು ಬಟ್ಟೆ ತೊಡುವ ಮುಂಚಿನಿಂದ," ಎಂದರು ಅತ್ತೆ, ಇಂಗ್ಲಿಷಿನಲ್ಲೇ. ಸೆರಗು ಸರಿಸಿ ಒಳಗೆ ನೋಡಲು ಅಜ್ಜಿ ಕೈ ಚಾಚಿದಳು. ಒಳಗಿದ್ದದ್ದು ಧಾರವಾಡದ ಸಿಂಪಿಗ ಮಷಿನ್ನಿನಲ್ಲಿ ಹೊಲಿದ ಜಂಪರು, ಅಂದರೆ ಬ್ಲೌಸು. ಅತ್ತೆ ಸೆರಗನ್ನು ಎರಡೂ ಹೆಗಲಿಗೆ ಎಳೆದು, ಪ್ರಾರ್ಥನೆಗೆ ತಡವಾಗಿ ಬಂದ ಹುಡುಗಿಯನ್ನು ನೋಡುವಂತೆ ಆಕೆಯನ್ನು ನೋಡಿದರು. ಕೈ ಹಿಂದಕ್ಕೆ ಹೋಯಿತು. ಪಾಸು!

ಜೀವನದಲ್ಲಿ ಸೂಜಿ ಹಿಡಿಯದವರು ಮೇಜಿಗೆ, ಬೆರಳು ತೂತು ಮಾಡಿಕೊಂಡವಳು ಚಹಕ್ಕೆ. ನನ್ನ ಹೊಟ್ಟೆ ಎಷ್ಟು ಉರಿದಿರಬೇಕು ಹೇಳಿ. ಅಷ್ಟರಲ್ಲಿ ಮಡಿಯಜ್ಜಿ ಗೇಟಿಗೆ ಓಡಿಬಂದಳು. ಅಂಥ ದೊಡ್ಡ ಮನೆಯ ಹೆಂಗಸು ಸೇವಕಿಯಿಲ್ಲದೆ ಕೂರುವುದು ಆ ಕಾಲದ ಪದ್ಧತಿಯಲ್ಲವಂತೆ. ಸೇವಕಿಯ ಕುತ್ತಿಗೆಪಟ್ಟಿಯಲ್ಲಿ ಕಲೆಯಿದ್ದರೆ ನಡೆಯುತ್ತದಂತೆ. ಹೀಗೆ ನಾನು ಔತಣದೊಳಕ್ಕೆ ಹೋದೆ, ಅತ್ತೆಯ ಕುರ್ಚಿಯ ಹಿಂದೆ ನಿಲ್ಲಲು. ಧಾರವಾಡದಲ್ಲಿ ಅರ್ಧಕ್ಕೆ ಬಿಟ್ಟು ಬಂದ ಸೊಸೆತನ ಇಲ್ಲಿ ಗೌನು ತೊಟ್ಟು ಮುಂದುವರಿಯಿತು.

ಮೇಜಿನ ಮೇಲೆ ಅತ್ತೆ ತಿನ್ನಬಹುದಾದದ್ದು ಬ್ರೆಡ್ಡು, ಸೇಬು ಎರಡೇ. ಅದನ್ನೂ ಮುಟ್ಟಲಿಲ್ಲ. ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಈಕೆಗೆ ಕುರ್ಚಿ ಬೇಕು," ಎಂದರು. ಸೇವಕಿಯರು ಕೂರುವ ಪದ್ಧತಿಯಿಲ್ಲ ಎಂದಳು ಮಡಿಯಜ್ಜಿ.

"ನಮ್ಮ ಮನೆಯಲ್ಲಿ ಸೊಸೆ ನಿಂತಿರುವಾಗ ಅತ್ತೆ ಉಣ್ಣುವ ಪದ್ಧತಿಯಿಲ್ಲ," ಎಂದರು ಅತ್ತೆ, ಇಡೀ ಶಾಲೆಗೆ ಕೇಳಿಸುವ ಇಂಗ್ಲಿಷಿನಲ್ಲಿ. "ನೂರಾರು ವರ್ಷದಿಂದ ಇಲ್ಲ."

ಅಷ್ಟು ದೊಡ್ಡ ಸುಳ್ಳನ್ನು ನಾನು ಆವರೆಗೆ ಕೇಳಿರಲಿಲ್ಲ. ಆದರೆ ನೂರಾರು ವರ್ಷದ ಪದ್ಧತಿ ಎಂದ ಮೇಲೆ ಮಡಿಯಜ್ಜಿಯ ಬಾಯಿ ಕಟ್ಟಿತು. ಒಂದು ಸ್ಟೂಲು ಬಂತು. ಕೂತೆ. ಅತ್ತೆ ನನ್ನ ಮುಖ ನೋಡಲಿಲ್ಲ, ಎದ್ದು ನಿಂತು ಬ್ರೆಡ್ಡು ಮುರಿದರು.

"ಕತ್ತರಿ ಹಚ್ಚಲಿಲ್ಲ ನೀ. ನೋಡೇನಿ ನಾ. ಉಣ್ಣು, ಬಡಸತೀನಿ."

ಮದುವೆಯಾದಂದಿನಿಂದ ಅವರು ನನಗೆ ಬಡಿಸಿದ್ದು ಅದೇ ಮೊದಲು. ಬ್ರೆಡ್ಡು ಕಲ್ಲಿನಂತಿತ್ತು. ಮತ್ತೊಮ್ಮೆ ಹಾಕಿಸಿಕೊಂಡೆ.