ಗಂಗವ್ವನ ಫೋಟೋಕ್ಕೆ ಕಟ್ಟಿದ ಚೀಟಿ

ನನಗೆ ಮುಖ ಅಷ್ಟಾಗಿ ನೆನಪಿರುವುದಿಲ್ಲ, ಕೈ ನೆನಪಿರುತ್ತದೆ. ಇದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ನಲವತ್ತು ವರ್ಷ ಬಳೆ ಇಡಿಸಿದವಳು ಕೈ ಬಿಟ್ಟು ಇನ್ನೇನು ನೋಡಬೇಕು? ಬೈಲಹೊಂಗಲದಿಂದ ಕಿತ್ತೂರು, ಸವದತ್ತಿ, ರಾಮದುರ್ಗದ ಸಂತೆಗಳವರೆಗೂ ಬಳೆಯ ಮಲಾರ ಹೊತ್ತು ತಿರುಗಿದ್ದೇನೆ. ಓದಿದ್ದು ಮೂರನೇ ಇಯತ್ತೆ. ಇಂಥವಳು ಕಂಪ್ಯೂಟರಿನ ಸಂಗತಿ ಬರೆಯುತ್ತಾಳೆಂದರೆ ನಿಮಗೆ ನಗು ಬರಬಹುದು. ನಗಿರಿ, ನಾನೇನೂ ನಿಲ್ಲಿಸುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಓಣಿಯ ಫೋಟೋ ಸ್ಟುಡಿಯೋದ ಮಾಲೀಕರು ತೀರಿಕೊಂಡಿದ್ದರು. ಅವರು ತೆಗೆದ ಹಳೆಯ ಫೋಟೋಗಳನ್ನೆಲ್ಲ ವೆಬ್‌ಸೈಟಿಗೆ ಹಾಕಬೇಕು, ಬೇಕಾದವರು ಹುಡುಕಿಕೊಳ್ಳಲಿ ಎಂದು ಅವರ ಸೊಸೆ ನನ್ನ ಮೊಮ್ಮಗಳು ಲತಾಳನ್ನು ಕೆಲಸಕ್ಕೆ ಇಟ್ಟುಕೊಂಡರು. ನೆಗೆಟಿವ್‌ ಇಟ್ಟ ಲಕೋಟೆಗಳ ಮೇಲೆ ಬರೀ ನಂಬರು. ಯಾರು ಯಾರೆಂದು ಹೇಳಲು ಲತಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಆಗಿನ ಹೆಂಗಸರು ಫೋಟೋಕ್ಕೆ ಕುಳಿತರೆ ಎರಡೂ ಕೈ ಮೊಣಕಾಲ ಮೇಲೆ ಊರಿ ಕೂರುತ್ತಿದ್ದರು, ಹಾಗಾಗಿ ನನಗೆ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಕಂಪ್ಯೂಟರಿಗೆ. ಹುಬ್ಬಳ್ಳಿಯ ಯಾವನೋ ಇಂಜಿನಿಯರ್‌ ಪ್ರತಿ ಫೋಟೋಕ್ಕೂ ನಾಲ್ಕು ಖಾನೆ ಮಾಡಿಟ್ಟಿದ್ದ. ಹೆಸರು, ಊರು, ವರ್ಷ, ಸಂದರ್ಭ. ಮೊದಲ ಫೋಟೋದಲ್ಲೇ ಜಗಳವಾಯಿತು. ಅದರಲ್ಲಿದ್ದಾಕೆ ಹುಟ್ಟಿದ್ದು ಉಗರಗೋಳ, ಕೊಟ್ಟದ್ದು ಕಟಕೋಳ, ಮುದುಕಿಯಾಗಿ ಮಗಳ ಮನೆ ಸೇರಿದ್ದು ಕಿತ್ತೂರು.

"ಒಂದ ಊರು ಹೇಳ ಆಯಿ," ಅಂದಳು ಲತಾ.

"ಹೆಣ್ಣಮಕ್ಕಳಿಗೆ ಒಂದ ಊರು ಎಲ್ಲೆ ಇರತೈತಿ?" ಅಂದೆ.

ಹೆಸರೂ ಅಷ್ಟೆ. ನಮ್ಮ ಕಡೆ ಮದುವೆಯ ಅಕ್ಕಿಕಾಳು ಬಿದ್ದ ದಿನವೇ ಗಂಡನ ಮನೆಯವರು ಇನ್ನೊಂದು ಹೆಸರು ಇಡುತ್ತಾರೆ. ತವರಿನವರು ಹುಡುಕುವುದು ಒಂದು ಹೆಸರಿನಿಂದ, ಮಕ್ಕಳು ಹುಡುಕುವುದು ಇನ್ನೊಂದರಿಂದ.

ಲತಾ ಎರಡು ದಿನ ತಲೆ ಕೆಡಿಸಿಕೊಂಡು ಖಾನೆಗಳನ್ನು ತೆಗೆದು ಟ್ಯಾಗ್‌ ಎಂಬುದನ್ನು ಹಾಕಿದಳು. ಟ್ಯಾಗ್‌ ಅಂದರೆ ದಾರಕ್ಕೆ ಕಟ್ಟಿದ ಚೀಟಿ ಇದ್ದಂತೆ. ಒಂದು ಫೋಟೋಕ್ಕೆ ಎಷ್ಟಾದರೂ ಕಟ್ಟಬಹುದು, ಬೇಡವಾದರೆ ಬಿಚ್ಚಬಹುದು. ಒಂದು ಚೀಟಿ ಒತ್ತಿದರೆ ಅದೇ ಚೀಟಿ ಇರುವ ಫೋಟೋಗಳೆಲ್ಲ ಎದ್ದು ಬರುತ್ತವೆ. ನನಗೆ ತಟ್ಟನೆ ತಿಳಿಯಿತು. ಹಸಿರು ಬಳೆ ಮದುವೆಗೂ ಬೇಕು, ಬಸುರಿಯ ಕುಬಸಕ್ಕೂ ಬೇಕು, ಪಂಚಮಿಗೂ ಬೇಕು. ಮಲಾರದಲ್ಲಿ ಅದು ಒಂದೇ ಸರದಲ್ಲಿ ಇರಬೇಕು, ಹುಡುಕುವಷ್ಟರಲ್ಲಿ ಗಿರಾಕಿಯ ಕೂಸು ಅತ್ತುಬಿಡುತ್ತದೆ. ಕಂಪ್ಯೂಟರಿನಲ್ಲಿ ಅದೇ ಬಳೆ ಮೂರು ಸರದಲ್ಲೂ ಇರುತ್ತದೆ. ಇದನ್ನು ನಲವತ್ತು ವರ್ಷ ಮೊದಲೇ ಯಾರಾದರೂ ಕಂಡುಹಿಡಿದಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು. ಆದರೆ ಚೀಟಿಯ ಮಾತಿನಲ್ಲಿ ಬಿಗಿ ಇರಬೇಕು. ನಾನೊಮ್ಮೆ ಮದುವೆ ಅಂದು, ಒಮ್ಮೆ ಲಗ್ನ ಅಂದು, ಒಮ್ಮೆ ಅಕ್ಕಿಕಾಳು ಅಂದು ಒಂದೇ ಕಾರ್ಯವನ್ನು ಮೂರು ಗುಂಪು ಮಾಡಿದ್ದೆ. ಅದನ್ನು ಕೂಡಿಸಲು ಲತಾಗೆ ಒಂದು ದಿನ ಹಿಡಿಯಿತು.

ಚೀಟಿಗೆ ಮಿತಿ ಇಲ್ಲವೆಂದ ಮೇಲೆ ನನ್ನ ಬಾಯಿಗೂ ಇರಲಿಲ್ಲ. ಊರು ಯಾರನ್ನು ಹೇಗೆ ಗುರುತಿಸುತ್ತಿತ್ತೋ ಹಾಗೇ ಹೇಳಿದೆ. ಎರಡನೇ ಹೆಂಡತಿ. ಮಕ್ಕಳಿಲ್ಲದಾಕಿ. ಲತಾ ಕೀಲಿಮಣೆಯಿಂದ ಕೈ ತೆಗೆದು, "ಇದನ್ನೂ ಬರೀಲ್ಯಾ?" ಅನ್ನುತ್ತಿದ್ದಳು. "ಸುಳ್ಳೇನು? ಬರಿ," ಅನ್ನುತ್ತಿದ್ದೆ.

ಒಂದು ದಿನ ರಾಮದುರ್ಗದಿಂದ ಸರೋಜಾ ಎಂಬ ಸಾಲಿ ಮಾಸ್ತರ್ತಿ ಬಂದಳು. ತಾಯಿ ಶಾಂತವ್ವ, ತನಗೆ ಮೂರು ವರ್ಷವಿದ್ದಾಗ ಜ್ವರ ಬಂದು ಸತ್ತಳಂತೆ. ಮನೆಯಲ್ಲಿ ಒಂದೂ ಫೋಟೋ ಇಲ್ಲ. ಮುಖವೇ ಗೊತ್ತಿಲ್ಲ. ಲತಾ ಶಾಂತವ್ವ ಎಂದು ಒತ್ತಿದಳು. ತೆರೆಯ ಮೇಲೆ ಬಂದವರಲ್ಲಿ ಒಬ್ಬರೂ ರಾಮದುರ್ಗದವರಲ್ಲ. ಸರೋಜಾ ಚೀಲ ಎತ್ತಿಕೊಂಡಳು.

ತಾಯಿಯ ತವರು ಯಾವುದೆಂದು ಕೇಳಿದೆ. ಚಚಡಿ ಅಂದಳು. ಕೈ ಚಾಚು ಅಂದೆ. ಮುಂಗೈ ಕಡ್ಡಿಯಷ್ಟು, ಹೆಬ್ಬೆರಳಿನ ಗೆಣ್ಣು ದಪ್ಪ. ಬಳೆ ಏರಿಸಲು ಜೀವ ಹಿಂಡುವ ಕೈ. ಇಂಥದ್ದೇ ಕೈಗೆ ನಾನು ಚಚಡಿಯಲ್ಲಿ ಬಳೆ ಇಡಿಸಿದ್ದೆ.

"ತವರಿನ ಹೆಸರು ಹಾಕಿ ನೋಡು, ಗಂಗವ್ವ ಅಂತ," ಅಂದೆ ಲತಾಗೆ.

ಫೋಟೋ ಬಂತು. ಕುರ್ಚಿಯ ಮೇಲೆ ಒಬ್ಬಳೇ ಹೆಂಗಸು, ಮೊಣಕಾಲ ಮೇಲೆ ಅದೇ ಕೈ. ಬೀಗಬೇಕು ಅನ್ನುವಷ್ಟರಲ್ಲಿ ಕೆಳಗಿನ ಚೀಟಿಗಳು ಕಂಡವು. ಗಂಗವ್ವ. ಚಚಡಿ. ಗಂಡನ ಮನೆ ಬಿಟ್ಟು ಬಂದಾಕಿ.

ಸರೋಜಾ ಮುಖ ನೋಡುವ ಮೊದಲು ಅಕ್ಷರ ಓದಿದಳು.

"ಇದನ್ನ ಬರಸಿದವರು ಯಾರ್ರಿ?"

"ನಾನು."

"ನಾ ಮೂರು ವರ್ಷದಾಕಿ ಇದ್ದಾಗ ಸತ್ಲು ಅಂದಿದ್ರು ನನಗ."

"ಸತ್ತದ್ದು ಜ್ವರದಿಂದನ. ಆದರ ಚಚಡ್ಯಾಗ. ನಿನಗ ಆರು ವರ್ಷ ತುಂಬಿತ್ತು."

"ನನ್ನ ಬಿಟ್ಟು ಬಂದಿದ್ಲು?"

"ಬಿಟ್ಟು ಬಂದಿದ್ಲು, ತಂಗಿ."

ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಆದರೆ ಉಳಿದದ್ದನ್ನೂ ಹೇಳಿದೆ. ಗಂಗವ್ವ ಬಂದಾಗ ಅವಳ ಕೈಯಲ್ಲಿ ಒಂದು ಬಳೆಯೂ ಉಳಿದಿರಲಿಲ್ಲ, ಬಾಸುಂಡೆ ಇದ್ದವು. ಕೂಸನ್ನು ಗಂಡನ ಮನೆಯವರು ಕೊಟ್ಟಿರಲಿಲ್ಲ. ನಾನು ರಾಮದುರ್ಗದ ಸಂತೆಗೆ ಹೋಗುತ್ತೇನೆಂದು ತಿಳಿದು, ಮೂರು ವರ್ಷದ ಕೈಗೆ ಆಗುವ ಜೋಡಿ ಬಳೆ ಆರಿಸಿ ಕೊಟ್ಟಳು. ಒಯ್ದೆ. ಅತ್ತೆ ಹೊಸ್ತಿಲಲ್ಲೇ ತಿರುಗಿಸಿ ಕಳಿಸಿದಳು. ಅಂಗಳದಲ್ಲಿ ಆಡುತ್ತಿದ್ದ ಹುಡುಗಿಯ ಕೈ ನೋಡಿಕೊಂಡು ಬಂದು ಗಂಗವ್ವನಿಗೆ ಹೇಳಿದೆ. ಮರುವರ್ಷ ಅವಳು ಒಂದು ಅಳತೆ ದೊಡ್ಡದು ಆರಿಸಿದಳು. ಅದೂ ತಿರುಗಿ ಬಂತು. ಅದರ ಮರುವರ್ಷ ಇನ್ನೂ ಒಂದು ಅಳತೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಬರೆಸಿದ್ದು ಮಾತ್ರ ಊರು ಕಟ್ಟಿದ ಆ ಒಂದು ಚೀಟಿ.

ಲತಾ ಅದನ್ನು ಅಳಿಸಲು ಕೈ ಹಾಕಿದಳು. ಸರೋಜಾ ಬಹಳ ಹೊತ್ತು ಫೋಟೋದ ಕೈಯನ್ನೇ ನೋಡುತ್ತಿದ್ದಳು.

"ಅಳಸಬ್ಯಾಡ್ರಿ. ಖರೇ ಐತಲ್ಲ, ಇರಲಿ. ಅದರ ಬಾಜೂಕ ಬರೀರಿ, ಮಗಳಿಗೆ ಮೂರು ವರ್ಷ ಬಳಿ ಕಳಿಸಿದಾಕಿ ಅಂತ."

ಲತಾ ಬರೆದಳು. ಶಾಂತವ್ವ ಎಂದೂ, ರಾಮದುರ್ಗ ಎಂದೂ ಸೇರಿಸಿದಳು. ಸರೋಜಾ ಫೋಟೋದ ಪ್ರತಿ ತೆಗೆಸಿಕೊಂಡು ಹೋದಳು. ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಮರುದಿನ ನಾನು ಕಟ್ಟಿಸಿದ ಊರಮಾತಿನ ಚೀಟಿಗಳನ್ನೆಲ್ಲ ಮತ್ತೆ ತೆರೆಸಿ ನೋಡಿದೆ. ಪ್ರತಿಯೊಂದರ ಬಾಜೂಕ ಇನ್ನೊಂದು ಕಟ್ಟಬೇಕೆಂದು ಕುಳಿತೆ. ಕೆಲವರಿಗೆ ಸಿಕ್ಕಿತು. ಬಹಳ ಜನಕ್ಕೆ ಸಿಗಲಿಲ್ಲ. ಆ ಕೈಗಳನ್ನು ನನ್ನ ಕೈಯಲ್ಲಿ ಹಿಡಿದು ಕುಳಿತದ್ದು ನಾನೇ, ಕಿವಿ ಕೊಟ್ಟದ್ದು ಮಾತ್ರ ಆಚೆ ಮನೆಯ ಕಟ್ಟೆಯ ಮೇಲಿನವರ ಮಾತಿಗೆ. ಸಿಗದವರ ಮೊದಲ ಚೀಟಿಯನ್ನೂ ಬಿಚ್ಚಿಸಿದೆ.

ಕೊನೆಗೆ ನನ್ನದೇ ಒಂದು ಫೋಟೋ ಬಂತು, ಮಲಾರದ ಸಮೇತ.

"ನಿನಗೇನ ಬರೀಲಿ ಆಯಿ?"

"ಬಾಯಿಬಡಕಿ ಅಂತ ಬರಿ. ಊರಿಗೆಲ್ಲ ಗೊತ್ತೈತಿ."

"ಅದರ ಬಾಜೂಕ?"

"ಅಲ್ಲೆ ಜಾಗ ಬಿಡು," ಅಂದೆ. "ನಾನು ಬಳಿ ಇಡಿಸಿದ ಕೈ ಯಾವುದಾದ್ರೂ ಬಂದರ, ಅದು ಬರೀಲಿ."