ಬಿಟ್ಟುಕೊಟ್ಟ ಗೋಲು

ಬೀದಿಯವರು ಆ ಬಡಗಿಗೆ ಮೂಲೆಮಟ್ಟ ಎಂದು ಅಡ್ಡಹೆಸರಿಟ್ಟಿದ್ದರು. ಮರದ ಮೂಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ ಆ ಉಪಕರಣ ಹೇಗೆ ಬಗ್ಗುವುದಿಲ್ಲವೋ ಇವನೂ ಹಾಗೆಯೇ. ಪೆಟ್ಟಿಗೆ ಮಾಡಿದರೆ ಮೂಲೆಯ ಕೀಲಿನೊಳಗೆ ಒಂದು ಕೂದಲು ತೂರಿಸಿ ನೋಡುವನು. ತೂರಿತೋ, ಆ ಪೆಟ್ಟಿಗೆ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಗಿರಾಕಿ ಕಾಯುತ್ತಿದ್ದಾನೆ ಎಂದರೆ, ಕಾಯಲಿ ಬಿಡಿ ಎನ್ನುವನು.

ಇಂಥ ಮನುಷ್ಯನಿಗೆ ಒಂದೇ ಒಂದು ಹುಚ್ಚು, ಟಿವಿಗೆ ಸಿಕ್ಕಿಸಿ ಆಡುವ ಫುಟ್‌ಬಾಲ್. ಐವತ್ತರ ಹತ್ತಿರ ಬಂದವರು ಗೇಮ್ ಆಡಬಾರದೆಂದು ಎಲ್ಲಿಯಾದರೂ ಬರೆದಿದೆಯೇ? ಅವನೂ, ಸಿಟಿ ಬಸ್ ಓಡಿಸುವ ಅವನ ಅಕ್ಕನೂ ಸೇರಿ ಕನ್ಸೋಲ್ ಎಂಬ ಆಟದ ಡಬ್ಬ ಕೊಂಡಿದ್ದರು. ಅಕ್ಕನಿಗೆ ವಾರದ ರಜೆ ಸಿಕ್ಕ ದಿನ ಇಬ್ಬರೂ ಸೋಫಾದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರೆ, ಮೊಣಕೈಯಲ್ಲಿ ತಿವಿಯುವುದೇನು, ಬೈಯುವುದೇನು! ಬಡಗಿಯ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ರೇಡಿಯೊ ಕೇಳುತ್ತಿದ್ದಳು.

ಹಾಗಿರುವಾಗ ಗರಗಸದ ಮೆಷಿನ್ ಅವನ ಎಡಗೈ ಹೆಬ್ಬೆರಳನ್ನು ತಿಂದುಬಿಟ್ಟಿತು. ಗಾಯ ಮಾಯಿತು. ಹಲಗೆಯನ್ನು ಕೈಯಲ್ಲಿ ಹಿಡಿಯುವ ಬದಲು ಮೇಜಿನ ಇಕ್ಕಳಕ್ಕೆ ಬಿಗಿದು ಕೆಲಸ ಮಾಡುವುದನ್ನು ಅವನು ಹಲ್ಲು ಕಚ್ಚಿ ಕಲಿತ. ಆದರೆ ಕನ್ಸೋಲಿನ ಕಂಟ್ರೋಲರಿನಲ್ಲಿ ಆಟಗಾರನನ್ನು ಓಡಿಸುವ ಪುಟ್ಟ ಸ್ಟಿಕ್ಕು ಇರುವುದೇ ಎಡಗೈ ಹೆಬ್ಬೆರಳಿಗೆ. ತೋರುಬೆರಳಿನಿಂದ ತಳ್ಳಿದರೆ ಆಟಗಾರ ಕುಡಿದವನ ಹಾಗೆ ಮೈದಾನವೆಲ್ಲ ಅಲೆಯುತ್ತಿದ್ದ.

ವಿಚಿತ್ರವೆಂದರೆ ಅಂದಿನಿಂದ ಅವನು ಗೆಲ್ಲತೊಡಗಿದ. ಮೊದಲು ಹಿಗ್ಗಿದ. ಆಮೇಲೊಂದು ದಿನ ಅಕ್ಕನ ಆಟಗಾರ ಖಾಲಿ ಗೋಲಿನ ಮುಂದೆ ನಿಂತು ಚೆಂಡನ್ನು ಹಿಂದಕ್ಕೆ ಒದ್ದದ್ದು ಅವನ ಕಣ್ಣಿಗೆ ಬಿತ್ತು.

"ಅಕ್ಕ, ಆ ಗೋಲು ಯಾಕೆ ಬಿಟ್ಟೆ?"

"ಬಟನ್ ತಪ್ಪಿ ಒತ್ತಿದೆ ಕಣೋ."

"ಸುಳ್ಳು ಹೇಳಬೇಡ. ನೀನು ನಿದ್ದೆಯಲ್ಲೂ ಬಟನ್ ತಪ್ಪಲ್ಲ."

ಅಕ್ಕ ಕಂಟ್ರೋಲರನ್ನು ಕೆಳಗಿಟ್ಟಳು. "ಪಾಪ ಅನ್ನಿಸ್ತು. ಏನು ಮಾಡ್ಲಿ ಹೇಳು?"

ಆ ಪಾಪ ಎಂಬ ಮಾತು ಅವನಿಗೆ ಗರಗಸಕ್ಕಿಂತ ಹೆಚ್ಚು ನೋವು ಕೊಟ್ಟಿತು. ಊರವರು ಅಯ್ಯೋ ಎಂದರೆ ನುಂಗಿಕೊಳ್ಳಬಹುದು. ಹುಟ್ಟಿದಾಗಿನಿಂದ ಒಂದು ತುತ್ತನ್ನೂ ಜಗಳವಿಲ್ಲದೆ ಬಿಟ್ಟುಕೊಡದ ಅಕ್ಕ ಅಯ್ಯೋ ಎಂದರೆ ಅವನು ಎಲ್ಲಿಗೆ ಹೋಗಬೇಕು?

"ನಾನು ನೆಟ್ಟಗೆ ಆಡೋ ಹಾಗಾದ ಮೇಲೆ ಬಾ. ಆಗದೇ ಹೋದರೆ ನಮ್ಮ ಆಟ ಇವತ್ತಿಗೆ ಮುಗೀತು," ಎಂದ. ಅಕ್ಕನಿಗೆ ತಮ್ಮನ ಹಠ ಹೊಸದಲ್ಲ. ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಅವನ ಅಂಗಡಿಯ ಪಕ್ಕದಲ್ಲೇ ಒಬ್ಬ ಕಂಪ್ಯೂಟರ್ ರಿಪೇರಿಯವನಿದ್ದ, ಬಾಯಿ ಬಿಟ್ಟರೆ ಮುಚ್ಚದವನು. ವಿಷಯ ಕೇಳಿದ್ದೇ ತಡ, ಶುರುಮಾಡಿದ.

"ಆ ಡಬ್ಬ ಬಿಟ್ಟಾಕಿ ಅಣ್ಣ. ಪಿಸಿ ತಗೊಳ್ಳಿ. ಯಾವ ಕೆಲಸಕ್ಕೆ ಯಾವ ಕೀ ಬೇಕೋ ನೀವೇ ಇಟ್ಕೋಬಹುದು, ಹೆಬ್ಬೆರಳಿನ ಹಂಗೇ ಇಲ್ಲ. ಗೇಮ್‌ಗಳು ಆಗಾಗ ಅರ್ಧ ರೇಟಿಗೆ ಸಿಗ್ತವೆ. ಒಂದು ಪಾರ್ಟ್ ಹಳೇದಾಯ್ತು ಅಂದ್ರೆ ಅದೊಂದನ್ನೇ ಬದಲಾಯಿಸಿದ್ರೆ ಆಯ್ತು. ಅಂಗಡಿ ಲೆಕ್ಕಾನೂ ಅದರಲ್ಲೇ ಬರೀಬಹುದು."

"ಮತ್ತೆ ಕನ್ಸೋಲ್ ಯಾಕೆ ಜನ ತಗೋತಾರೆ?"

ರಿಪೇರಿಯವನು ಮಾತುಗಾರನಾದರೂ ಮೋಸಗಾರನಲ್ಲ. ತಲೆ ಕೆರೆದುಕೊಂಡು ಒಪ್ಪಿಕೊಂಡ. "ಮೊದಲ ಖರ್ಚು ಕಮ್ಮಿ ಅಣ್ಣ. ಸಿಕ್ಕಿಸಿದ್ರೆ ಆಯ್ತು, ತಲೆನೋವಿಲ್ಲ, ವರ್ಷಗಟ್ಟಲೆ ಓಡುತ್ತೆ. ಆಡಿ ಮುಗಿದ ಡಿಸ್ಕ್ ಮಾರಬಹುದು. ಆದರೆ ಹೊಸ ಗೇಮ್ ದುಬಾರಿ, ಆನ್‌ಲೈನ್ ಆಡೋಕೆ ಚಂದಾ ಬೇರೆ. ಒಳಗೇನಾದ್ರೂ ಕೆಟ್ಟರೆ ನನ್ನಂಥವನೂ ಕೈ ಹಾಕೋದು ಕಷ್ಟ."

ಬಡಗಿ ಅಲ್ಲಿಯೇ ಕೂತು ಕೀಬೋರ್ಡಿನಲ್ಲಿ ಆಡಿ ನೋಡಿದ. ಆಟಗಾರ ಹೇಳಿದ ಮಾತು ಕೇಳಿದ. ಆಹಾ ಎನ್ನಿಸಿತು. ರಿಪೇರಿಯವನು ಬೆಲೆ ಹೇಳಿದಾಗ ಮಾತ್ರ ಆ ಆಹಾ ಗಂಟಲಲ್ಲೇ ಸಿಕ್ಕಿಕೊಂಡಿತು. ಅಷ್ಟು ಹಣಕ್ಕೆ ಬೆರಳು ಕತ್ತರಿಸದ ಹೊಸ ಗರಗಸದ ಮೆಷಿನ್ನೇ ಬರುತ್ತಿತ್ತು.

ಮನೆಯಲ್ಲಿ ಹೆಂಡತಿ ಕೇಳಿದಳು. "ಏನು ನಿರ್ಧಾರ ಮಾಡಿದ್ರಿ?"

"ಪಿಸಿ ಒಳ್ಳೇದು ಕಣೇ. ನಾನೊಬ್ಬನೇ ಆಡೋದಾಗಿದ್ರೆ ಹೇಗಾದರೂ ಮಾಡಿ ಅದನ್ನೇ ತಗೋತಿದ್ದೆ. ಆದರೆ ಅಕ್ಕ ಕೂರೋದು ಸೋಫಾದಲ್ಲಿ, ನಾನು ಕೀಬೋರ್ಡ್ ಇಟ್ಕೊಂಡು ಮೇಜಿನ ಹತ್ತಿರ."

"ಟಿವಿಗೇ ಹಾಕ್ಕೊಳ್ಳಿ, ಆಗಲ್ವಾ?"

"ಆಗುತ್ತೆ. ಆದರೆ ಅಷ್ಟು ದುಡ್ಡೆಲ್ಲಿ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ. ಇರೋ ಕನ್ಸೋಲ್ ಚೆನ್ನಾಗೇ ಇದೆ. ಕೆಟ್ಟಿರೋದು ನನ್ನ ಕೈ. ಮರದ ಕೆಲಸದವನು ನಾನು, ನನ್ನ ಕೈಗೆ ಒಂದು ಹಿಡಿ ಮಾಡಿಕೊಳ್ಳೋಕೆ ಬರಲ್ವಾ?"

ಮರುದಿನವೇ ಕೂತ. ತೊಡೆಯ ಮೇಲಿಟ್ಟುಕೊಳ್ಳುವ ಹಲಗೆ, ಅದರಲ್ಲಿ ಕಂಟ್ರೋಲರ್ ಕೂರಲು ಗುಳಿ, ಮೇಲೊಂದು ತೆಳು ಮುಚ್ಚಳ. ಎಡಗಡೆಯ ಸ್ಟಿಕ್ಕಿನ ತಲೆಗೆ ಟೊಪ್ಪಿಗೆಯ ಹಾಗೆ ಕೂರುವ ಉದ್ದನೆಯ ಮರದ ಹಿಡಿ. ಮುಚ್ಚಳದ ತೂತಿನಿಂದ ಮೇಲೆ ಬರುವ ಆ ಹಿಡಿಯನ್ನು ಉಳಿದ ನಾಲ್ಕು ಬೆರಳುಗಳಿಂದ ಬಳಸಿ ತಳ್ಳಬಹುದು. ಮರಳುಕಾಗದ ಹಾಕಿ ನುಣುಪಾಗಿಸಿದ, ಎಣ್ಣೆ ಸವರಿದ. ನೋಡಿದವರು ತಲೆದೂಗಿದರು. ಒಮ್ಮೆ ಆಡಿ ನೋಡುವಷ್ಟೂ ತಾಳ್ಮೆಯಿಲ್ಲದೆ ಅಕ್ಕನಿಗೆ ಫೋನ್ ಮಾಡಿದ.

ಅಕ್ಕ ಬಂದು ಕೂತಳು. ಆಟ ಶುರುವಾಯಿತು. ಬಡಗಿಯ ಆಟಗಾರ ನಿಂತಲ್ಲಿಂದ ಕದಲಲಿಲ್ಲ. ಬಲವಾಗಿ ತಳ್ಳಿದರೆ ಓಡಿದ, ಓಡಿದವನು ನಿಲ್ಲಲೇ ಇಲ್ಲ, ಚೆಂಡನ್ನು ಬಿಟ್ಟು ಗೆರೆ ದಾಟಿ ಹೋದ.

"ಈ ಕಂಟ್ರೋಲರೇ ಸರಿಯಿಲ್ಲ," ಎಂದು ಬಡಗಿ ಸಿಡುಕಿದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊಡು ಇಲ್ಲಿ." ಅಕ್ಕ ಹಲಗೆಯನ್ನು ಕಸಿದುಕೊಂಡು ಹಿಡಿ ಅಲುಗಾಡಿಸಿ ನೋಡಿದಳು. ಮುಚ್ಚಳದ ತೂತು ಹಿಡಿಯನ್ನು ಎಷ್ಟು ಬಿಗಿಯಾಗಿ ಅಪ್ಪಿತ್ತೆಂದರೆ ಸಂದಿಯಲ್ಲಿ ಕೂದಲೂ ತೂರುತ್ತಿರಲಿಲ್ಲ. ಬಾಗಲು ಜಾಗವಿಲ್ಲ, ಬಾಗಿದರೆ ವಾಪಸ್ಸು ಬರಲು ಜಾಗವಿಲ್ಲ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಲೋ, ಇದೇನು ಪೆಟ್ಟಿಗೆ ಮಾಡಿದ್ದೀಯಾ? ಗೇರ್ ಕಡ್ಡಿ ಇದು. ನನ್ನ ಬಸ್ಸಿನ ಗೇರ್ ಕಡ್ಡಿ ಸುತ್ತ ನೋಡಿದ್ದೀಯಾ, ಎಷ್ಟು ಸಡಿಲ ಬಿಟ್ಟಿರ್ತಾರೆ? ತೂತು ದೊಡ್ಡದು ಮಾಡು."

ದೊಡ್ಡದು ಮಾಡು ಎನ್ನುವುದು ಸುಲಭ. ಜೀವಮಾನವಿಡೀ ಸಂದಿಯೇ ಇಲ್ಲದ ಹಾಗೆ ಮರ ಕೂಡಿಸಿದವನಿಗೆ ಬೇಕೆಂದೇ ಲೊಡಲೊಡ ಎನ್ನುವ ಕೆಲಸ ಮಾಡು ಎಂದರೆ ಹೇಗಾಗಿರಬೇಡ! ಮುಖ ಗಂಟಿಕ್ಕಿಕೊಂಡೇ ಅಂಗಡಿಗೆ ಹೋಗಿ ತೂತು ಅಗಲಿಸಿದ. ಸಾಲದು ಎನ್ನಿಸಿತು, ಇನ್ನಷ್ಟು ಅಗಲಿಸಿದ. ಹಿಡಿ ಎತ್ತ ಬೇಕಾದರೂ ಬಾಗಿ, ಬಿಟ್ಟ ಕೂಡಲೇ ನಡುವಿಗೆ ಬಂದು ನಿಂತಿತು. ಬೇರೆ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಅವನು ಅಂಗಡಿಯಿಂದ ಓಡಿಸುತ್ತಿದ್ದ. ಈಗ ಅದನ್ನೇ ಕಂಕುಳಲ್ಲಿ ಅವುಚಿಕೊಂಡು ಮನೆಗೆ ಬಂದ. ಪ್ರತಿ ಸಂಜೆ ಒಬ್ಬನೇ ಕೂತು ಅಭ್ಯಾಸ ಮಾಡಿದ. ಮಣಿಕಟ್ಟು ಊದಿತು. ಹೆಂಡತಿ ಬಿಸಿನೀರಿನ ಬಟ್ಟೆ ಇಟ್ಟಳು, ಬೈದಳು, ಮತ್ತೆ ಇಟ್ಟಳು. ಅವನು ಬಿಡಲಿಲ್ಲ.

ಅಕ್ಕನ ಮುಂದಿನ ರಜೆಗಳಲ್ಲೊಂದು ದಿನ ಇಬ್ಬರೂ ಮತ್ತೆ ಸೋಫಾದಲ್ಲಿ ಕೂತರು. ಅವಳು ಒಂದು ಗೋಲಿನಿಂದ ಮುಂದಿದ್ದಳು. ಅವನಿಗೆ ಅದು ನಿಜವಾದ ಗೋಲೋ, ಆಮೇಲೆ ಬಿಟ್ಟುಕೊಡಲು ಹಾಕಿದ ಗೋಲೋ ಗೊತ್ತಾಗಲಿಲ್ಲ. ಆ ಅನುಮಾನ ಎದೆಯಲ್ಲಿ ಕೊರೆಯುತ್ತಲೇ ಇತ್ತು. ಆಟ ಮುಗಿಯುವ ಹೊತ್ತಿಗೆ ಅವನ ಆಟಗಾರ ಚೆಂಡು ಹಿಡಿದು ಇಬ್ಬರನ್ನು ತಪ್ಪಿಸಿ ಓಡಿದ. ಮುಂದೆ ಗೋಲ್‌ಕೀಪರ್ ಒಬ್ಬನೇ. ಬಡಗಿ ಉಸಿರು ಬಿಗಿಹಿಡಿದ. ಈಗ ಬಿಡುತ್ತಾಳೆ ನೋಡು, ಎಂದುಕೊಂಡ.

ಹಿಂದಿನಿಂದ ಅಕ್ಕನ ಆಟಗಾರ ಜಾರಿ ಬಂದು ಕಾಲಿಗೇ ಒದ್ದ. ಇವನ ಆಟಗಾರ ಅಂಗಾತ ಬಿದ್ದ. ಸೀಟಿ, ಕೆಂಪು ಕಾರ್ಡು, ಪೆನಾಲ್ಟಿ.

"ಇದೇನಕ್ಕ, ಅನ್ಯಾಯ!"

"ಬಿಟ್ಟರೆ ಗೋಲು ಹಾಕ್ತಿದ್ದೆ. ಸುಮ್ಮನೆ ಬಿಡ್ತೀನಾ?" ಅಕ್ಕನ ಮುಖ ಬೆವೆತಿತ್ತು, ಕಣ್ಣು ಟಿವಿಯಿಂದ ಕದಲಿರಲಿಲ್ಲ, ಮೊಣಕೈ ಅವನ ಪಕ್ಕೆಯಲ್ಲಿ ನಾಟಿತ್ತು.

ಅವನು ಪೆನಾಲ್ಟಿ ಒದ್ದ. ಅಕ್ಕನ ಗೋಲ್‌ಕೀಪರ್ ಹಾರಿ ತಡೆದ. ಆಟ ಮುಗಿಯಿತು.

ಗಲಾಟೆ ಕೇಳಿ ಹೆಂಡತಿ ಬಾಗಿಲಿಗೆ ಬಂದಳು. "ಯಾರು ಗೆದ್ದದ್ದು?"

"ಅಕ್ಕ ಗೆದ್ದಳು ಕಣೇ," ಎಂದ ಬಡಗಿ. ಪಕ್ಕೆ ಉಜ್ಜಿಕೊಳ್ಳುತ್ತ ನಕ್ಕ. "ನನ್ನ ಕಾಲಿಗೆ ಒದ್ದು ಗೆದ್ದಳು."