ಹಿತ್ತಲ ಬಾಗಿಲಿಗೆ ಬಳಿದ ಮೊದಲ ಆಯಿಲ್

ಬೇಸಿಗೆಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ನಮ್ಮ ಹಿತ್ತಲ ಬಾಗಿಲು ವಾಸನೆ ಬಿಡುತ್ತದೆ. ಹಿರಿಯೂರಿನ ಬಿಸಿಲು ಹಲಗೆಯ ಮೇಲೆ ನೇರ ಬಿದ್ದಾಗ, ಮರದೊಳಗೆ ಇಳಿದು ಕೂತ ಆಯಿಲ್ ಮೆಲ್ಲಗೆ ಎದ್ದು ಬರುತ್ತದೆ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಕರಿಬೇವು ಕೇಳಲು ಬಂದು, ಮೂಗೆಳೆದು, "ಏನ್ರೀ ಅದು, ಗ್ಯಾರೇಜ್ ಇದ್ದಂಗೆ ವಾಸ್ನೆ ಬರ್ತೈತೆ?" ಎಂದರು.

"ನಮ್ಮ ಕಾರಿನ ಮೊದಲ್ನೇ ಆಯಿಲ್ ರೀ," ಎಂದೆ.

ಅವರು ಕರಿಬೇವು ಹಿಡಿದುಕೊಂಡು ನನ್ನ ಮುಂದಿನ ಮಾತಿಗೆ ಕಾದರು. ಅದು ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಸಂಗತಿಯಲ್ಲ. ಅವರ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು, ಹೋದರು. ನನಗೆ ಮಾತ್ರ ಸ್ವಲ್ಪ ನಾಚಿಕೆಯಾಗಿ, ಬಾಗಿಲಿಗೆ ಬಣ್ಣ ಹೊಡೆಸಿಬಿಡೋಣವೆಂದು ಮನೆಯವರಿಗೆ ಹೇಳಿ ಒಂದು ಡಬ್ಬ ಹಸಿರು ಪೇಂಟ್ ತರಿಸಿದೆ. ನಿಮಗೆ ಒಲೆಯ ಅವಸರ ಇಲ್ಲವೆಂದುಕೊಂಡು ಉಳಿದದ್ದನ್ನು ಹೇಳುತ್ತೇನೆ.

ಕಾರು ಬಂದು ಎಂಟು ವರ್ಷವಾಯಿತು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅಲ್ಲಿಯವರೆಗೆ ಸ್ಕೂಟರಿನಲ್ಲೇ ನಮ್ಮ ಸಂಸಾರ ಸಾಗಿತ್ತು. ಕಾರು ಡೀಸೆಲ್‌ದೇ ಆಗಬೇಕೆಂದು ಹಟ ಹಿಡಿದವರು ಮಾವ. ಅವರು ಬಬ್ಬೂರಿನ ಸರ್ಕಾರಿ ಫಾರಂನಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಬಲಗೈ ಹೆಬ್ಬೆರಳಿನ ಗೆರೆಗಳಲ್ಲಿ ಕಪ್ಪು ಹಾಗೇ ಉಳಿದಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಊಟಕ್ಕೆ ಕೂತವರ ಕೈಗೆ ನೀರು ಕೊಡುವಾಗ, ಇವರು ಸರಿಯಾಗಿ ತೊಳೆದುಕೊಳ್ಳುವುದಿಲ್ಲವೇನೋ ಎಂದು ಸೋಪನ್ನೂ ಪಕ್ಕದಲ್ಲಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

"ಪೆಟ್ರೋಲ್ ಗಾಡಿ ಮಾತಾಡಲ್ಲಪ್ಪ," ಎಂದಿದ್ದರು ಮಗನಿಗೆ. "ಡೀಸೆಲ್ ಗಾಡಿ ತನಗೇನಾಗೈತೆ ಅಂತ ಬಾಯಿಬಿಟ್ಟು ಹೇಳ್ತೈತೆ."

ಪೂಜೆಗೆ ಹೊರಕೆರೆದೇವಪುರಕ್ಕೆ ಹೋದೆವು. ನನ್ನ ತವರು ಅದೇ ಕಡೆಯ ಹೊಳಲ್ಕೆರೆ, ಆದ್ದರಿಂದ ತವರಿಗೂ ಕಾರು ತೋರಿಸಿದಂತಾಯಿತು. ಹೊಸ ಕಾರನ್ನು ಮೊದಮೊದಲು ವೇಗವಾಗಿ ಓಡಿಸಬಾರದೆಂದು ಪುಸ್ತಕದಲ್ಲಿ ಬರೆದಿತ್ತೆಂದು ನಮ್ಮ ಮನೆಯವರು ಐವತ್ತು ದಾಟಲಿಲ್ಲ. ಹಿಂದೆ ಹುಲ್ಲಿನ ಹೊರೆ, ಅದರ ಮೇಲೊಂದು ಕುಡಗೋಲು ಸಿಕ್ಕಿಸಿಕೊಂಡ ಮೊಪೆಡ್ಡೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಮಾವ ಹಿಂದಿನ ಸೀಟಿನಲ್ಲಿ ಕೂತು, "ಲೇ ಮೇಷ್ಟ್ರೇ, ಇಳ್ದು ತಳ್ಳಾಣೇನು?" ಎಂದರು.

ಆ ಪುಸ್ತಕದ ಬಗ್ಗೆ ಹೇಳಬೇಕು. ಕಾರಿನ ಜೊತೆ ಕಂಪನಿ ಕೊಟ್ಟ ದಪ್ಪನೆಯ ಇಂಗ್ಲಿಷ್ ಪುಸ್ತಕ. ಮನೆಯವರು ಅದರಲ್ಲಿ ವಾರಂಟಿಯ ಅಧ್ಯಾಯ ಒಂದನ್ನೇ ಪೆನ್ಸಿಲ್ ಹಿಡಿದು ಓದಿ, ಯಾವ ಯಾವ ತಪ್ಪಿಗೆ ವಾರಂಟಿ ಹೋಗುತ್ತದೆ ಎಂಬ ಕಡೆಗೆಲ್ಲ ಗೆರೆ ಎಳೆದಿದ್ದರು. ಉಳಿದ ಪುಟಗಳು ನನ್ನ ಪಾಲು. ನಾನು ಚಿತ್ರದುರ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾನ್ವೆಂಟಿನಲ್ಲಿ ಓದಿದವಳು. ಪ್ರಶ್ನೆಗೆ ಮೊದಲು ಸೂಚನೆ ಓದು ಎಂದು ನಮ್ಮ ಸಿಸ್ಟರ್ ಬೆರಳಿಗೆ ಸ್ಕೇಲಿನಿಂದ ತಟ್ಟಿ ಕಲಿಸಿದ್ದು ಇನ್ನೂ ಹೋಗಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲಿನದನ್ನೂ ಪೂರ್ತಿ ಓದಿಯೇ ಒಡೆಯುತ್ತೇನೆ.

ಒಂದು ಬೆಳಿಗ್ಗೆ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಮಾವ ಪುಸ್ತಕ ತಂದು ಮೊರದ ಪಕ್ಕದಲ್ಲಿಟ್ಟರು. "ಆಯಿಲ್ ಬಗ್ಗೆ ಏನ್ ಬರ್ದವ್ರೆ ನೋಡಮ್ಮ."

ನೋಡಿ ಹೇಳಿದೆ. ಮೊದಲ ಆಯಿಲ್ ಬದಲಿಸುವುದು ಹತ್ತು ಸಾವಿರ ಕಿಲೋಮೀಟರಿಗೆ, ಇಲ್ಲವೇ ಒಂದು ವರ್ಷಕ್ಕೆ.

"ಸರಿಯಾಗಿ ಓದಮ್ಮ. ಒಂದು ಸೊನ್ನೆ ಜಾಸ್ತಿ ಓದಿದೀಯ."

"ಇಲ್ಲ ಮಾವ. ಹತ್ತು ಸಾವಿರವೇ."

ಮಾವ ಅವರೆಕಾಯಿಯೊಂದನ್ನು ಎತ್ತಿಕೊಂಡು ಸುಲಿಯತೊಡಗಿದರು. ಚಿಂತೆ ಬಂದರೆ ಕೈಗೆ ಸಿಕ್ಕ ಕೆಲಸ ಮಾಡುವುದು ಅವರ ರೂಢಿ. "ನೀನು ಹೊಸ ಗ್ರೈಂಡರ್ ತಂದಾಗ ಮೊದಲ್ನೇ ಸಲ ರುಬ್ಬಿದ್ದನ್ನ ಏನ್ ಮಾಡ್ದೆ?"

"ಚೆಲ್ಲಿದೆ."

"ಯಾಕೆ?"

"ಕಲ್ಲಿನ ಪುಡಿ ಬಿಟ್ಟಿರುತ್ತಲ್ಲ ಮಾವ."

"ಇದ್ರಾಗೆ ಕಲ್ಲಿಲ್ಲ, ಕಬ್ಬಿಣ ಐತೆ. ಅಷ್ಟೇ ವ್ಯತ್ಯಾಸ. ಹೊಸ ಇಂಜಿನ್ ಒಂದಕ್ಕೊಂದು ಉಜ್ಜಿ ಹೊಂದ್ಕಳಾ ತನಕ ಪುಡಿ ಬಿಡ್ತೈತೆ. ಆ ಪುಡೀಲೇ ಅದು ವರ್ಷಾನುಗಟ್ಲೆ ಈಜಾಡ್ಬೇಕಾ?"

ಆಮೇಲೆ ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ತುದಿಯ ಹನಿಯನ್ನು ನನ್ನ ಬೆರಳಿಗೆ ಹಾಕಿದರು. ಬಣ್ಣ ನೋಡಬೇಡ, ಕಪ್ಪಾಗುವುದು ಡೀಸೆಲ್ಲಿನ ಜಾತಿಗುಣ, ಉಜ್ಜಿ ನೋಡು ಎಂದರು. ಉಜ್ಜಿದೆ. ರಾಗಿ ಹಿಟ್ಟು ಸಣ್ಣಗೆ ಬಂದಿದೆಯೇ ಎಂದು ಗಿರಣಿಯ ಮುಂದೆ ನಿಂತು ನೋಡುವುದು ನನಗೇನು ಹೊಸದಲ್ಲ. ಏನೋ ತರಿ ಸಿಕ್ಕಿತೋ, ಸಿಕ್ಕಿತೆಂದು ನನಗೆ ಅನ್ನಿಸಿತೋ. ಗ್ರೈಂಡರಿನ ಮಾತು ಆಗಲೇ ನನ್ನನ್ನು ಗೆದ್ದಿತ್ತು.

ಮನೆಯವರನ್ನು ಗೆಲ್ಲಲಿಲ್ಲ. ಅವರು ತಮ್ಮ ಪೆನ್ಸಿಲ್ ಗೆರೆಗಳನ್ನು ತೋರಿಸಿದರು. "ಅಪ್ಪಾಜಿ, ಹೊರಗೆ ಯಾರೇ ಇಂಜಿನ್ ಮುಟ್ಟಿದ್ರೂ ಆಮೇಲೆ ಕಂಪನಿ ನಮ್ಮದಲ್ಲ ಅಂದುಬಿಡುತ್ತೆ. ನೀವು ಸುಮ್ನಿರ್ರಿ." ಆ ಕಾರಿನ ದುಡ್ಡಿಗಾಗಿ ಅವರು ಎಷ್ಟು ವರ್ಷ ಟ್ಯೂಷನ್ ಹೇಳಿದ್ದರೆಂದು ನನಗೆ ಗೊತ್ತು. ವಾರಂಟಿ ಇರುವವರೆಗೆ ಅವರಿಗೆ ನಿದ್ದೆ, ಅಷ್ಟೇ. ಬಾನೆಟ್ಟನ್ನಂತೂ ಅವರು ತೆರೆಯುತ್ತಲೇ ಇರಲಿಲ್ಲ, ವಾರಂಟಿ ಅದರೊಳಗೆ ಮಲಗಿದೆ, ಎದ್ದುಬಿಟ್ಟೀತು ಎಂಬ ಹಾಗೆ. ಕಾರಿನ ಜೊತೆ ಬಂದಿದ್ದ, ಬೋಲ್ಟು ಬಿಚ್ಚುವ ಪಾನಾಗಳನ್ನು ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ಕೆಳಗೆ ಇಟ್ಟರು.

ಸಾವಿರ ಕಿಲೋಮೀಟರಿನ ತಪಾಸಣೆಗೆ ಚಿತ್ರದುರ್ಗದ ಕಂಪನಿ ಸರ್ವೀಸ್ ಸೆಂಟರಿಗೆ ಹೋದಾಗ ಮಾವ ಅಲ್ಲಿಯೂ ಕೇಳಿದರು. ಇನ್ನೂ ಬೇಡ ಅಜ್ಜ, ಎಂದು ಅಲ್ಲಿಯವರು ನಕ್ಕು, ಕಾರು ತೊಳೆದು ಕಳಿಸಿದರು.

ಆಮೇಲೆ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಮನೆಯವರು ವಾರಗಟ್ಟಲೆ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಓಡಾಡಿದರು. ಕಾರು ಮನೆಯಲ್ಲಿತ್ತು. ಎರಡನೆಯ ದಿನ ಬೆಳಿಗ್ಗೆ ಬಸ್ಸು ಹೊರಟಿರಬಹುದಾದ ಹೊತ್ತಿಗೆ ಮಾವ, "ಅಂಗಡಿ ತನಕ ಹೋಗಾಣ ಬಾರಮ್ಮ, ಪುಸ್ತಕ ತಗಂಡು," ಎಂದರು. ಅಂಗಡಿಯವನು ಅವರನ್ನು ಕಂಡೊಡನೆ ಟ್ರ್ಯಾಕ್ಟರಿನ ಆಯಿಲ್ ಡಬ್ಬ ಇಳಿಸಿದ. ನಾನು ಪುಸ್ತಕ ತೆರೆದು ಅದರಲ್ಲಿದ್ದ ನಂಬರಿನದೇ ಬೇಕು, ಫಿಲ್ಟರೂ ಈ ಕಾರಿನದೇ ಬೇಕು, ಬಿಲ್ಲೂ ಬೇಕು ಎಂದೆ. ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು, ಉಳಿದದ್ದನ್ನು ಮೆಚ್ಚುತ್ತಿರಲಿಲ್ಲ.

ಮಾವನ ಹಳೆಯ ಪಾನಾಗಳು ಅವರ ಮಂಚದ ಕೆಳಗೇ ಇದ್ದವು. ಮುಂದಿನ ಎರಡು ಚಕ್ರಗಳನ್ನು ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿಕೊಂಡು, ಎಪ್ಪತ್ತು ದಾಟಿದ ಮನುಷ್ಯ ಕಾರಿನ ಕೆಳಗೆ ತೂರಿದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ನಾನು ಕುಕ್ಕರುಗಾಲಿನಲ್ಲಿ ಕೂತು ಟಾರ್ಚ್ ಬಿಟ್ಟೆ. ಬೋಲ್ಟು ಬಿಚ್ಚಿತು. ಆಯಿಲ್ ಹಳೆಯ ಬಾಂಡ್ಲಿಗೆ ನೂಲಿನ ಹಾಗೆ ಸಣ್ಣಗೆ ಇಳಿಯಿತು. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಬೇಳೆ ಇಳಿಸಿ, ಸಾರಿಗೆ ಕೂಡಿಸಿ ಬರುವಷ್ಟರಲ್ಲಿ ಹೊಸ ಆಯಿಲ್ ಹಾಕಿ, ಬಾನೆಟ್ ಮುಚ್ಚಿ, ಮಾವ ಹಿತ್ತಲ ಬಾಗಿಲಿಗೆ ಬಟ್ಟೆಯಿಂದ ಏನೋ ಬಳಿಯುತ್ತಿದ್ದರು.

"ಗೆದ್ದಲಿಗೆ ಇದ್ರಂಥ ಔಷಧಿ ಇಲ್ಲ ತಾಯಿ. ಚೆಲ್ಲಬಾರ್ದು."

ಸಂಜೆ ಮನೆಯವರು ಬಂದು, "ಏನಿದು ವಾಸನೆ?" ಎಂದರು. "ಗೆದ್ದಲಿಗೆ ಮಾವ ಏನೋ ಬಳಿದಿದ್ದಾರೆ," ಎಂದೆ. ಸುಳ್ಳಲ್ಲ. ಆದರೂ ಅವರು ನಂಬಿ ತಲೆಯಾಡಿಸಿದ ರೀತಿ ನೋಡಿ ನನಗೆ ಅವತ್ತು ಊಟ ಸೇರಲಿಲ್ಲ. ಬಿಲ್ಲನ್ನು ಪರ್ಸಿನ ಒಳಖಾನೆಯಲ್ಲಿ, ಸೀರೆಪಿನ್ನುಗಳ ಜೊತೆ ಮಡಿಸಿಟ್ಟೆ.

ಐದು ಸಾವಿರದ ತಪಾಸಣೆಗೆ ಮೂವರೂ ಹೋದೆವು. ಕಾರು ಒಪ್ಪಿಸಿಕೊಳ್ಳಲು ಬಂದವಳು ಕಂಪನಿಯ ಶರ್ಟು ತೊಟ್ಟ ಚುರುಕಾದ ಹೆಣ್ಣುಮಗಳು. ಮಾವ ಯಾವೂರಮ್ಮ ಎಂದು ಕೇಳಿ, ಸಿರಿಗೆರೆ ಎಂದು ತಿಳಿದು, ಅಲ್ಲಿಯ ಇಬ್ಬರು ಮೂವರ ಹೆಸರು ಹೇಳುತ್ತಿರುವಾಗಲೇ ಅವಳು ಬಾನೆಟ್ ಎತ್ತಿದಳು. ಎತ್ತಿ, ಅದರ ಒಳಮೈ ನೋಡುತ್ತ ನಿಂತಳು.

"ಸರ್, ಇದೇನು ಬರೆದಿರೋದು?"

ಹಳದಿ ಬಣ್ಣದಲ್ಲಿ, ನನ್ನ ಕಿರುಬೆರಳುದ್ದದ ಅಕ್ಷರಗಳು. ಆಯಿಲ್ ೧೧೦೬. ಬಣ್ಣ ನೋಡಿದೊಡನೆ ನನಗೆ ಗುರುತು ಸಿಕ್ಕಿತು. ನಾನು ಹೊಸ್ತಿಲಿಗೆ ಬಳಿಯುವ ಪೇಂಟು ಅದು. ಟ್ರ್ಯಾಕ್ಟರ್ ಓಡಿಸಿದಷ್ಟು ವರ್ಷವೂ ಆಯಿಲ್ ಬದಲಿಸಿದಾಗ ಮೀಟರ್ ಎಷ್ಟಿದ್ದಾಗ ಬದಲಿಸಿದೆವೆಂದು ಬಾನೆಟ್ಟಿನ ಒಳಗೆ ಬರೆಯುವುದು ಅವರ ಪದ್ಧತಿ. ಮುಂದೆ ಓಡಿಸುವವನಿಗೆ ತಿಳಿಯಲೆಂದು. ಕಳ್ಳತನದಲ್ಲಿ ಮಾಡಿದ ಕೆಲಸಕ್ಕೂ ಅವರ ಕೈ ತಾನಾಗಿ ಲೆಕ್ಕ ಬರೆದುಬಿಟ್ಟಿತ್ತು.

"ಸಾವಿರದ ನೂರಾ ಆರು," ಎಂದು ಮಾವನೇ ಓದಿ ಹೇಳಿದರು, ಅಭಿಮಾನದಿಂದ. ಆಮೇಲೆ ಮಗನ ಮುಖ ನೋಡಿ ದನಿ ಇಳಿಸಿದರು. "ನಾನೇ ಮಾಡಿದ್ದು. ಈಯಮ್ಮಂಗೆ ಏನೂ ಗೊತ್ತಿಲ್ಲ."

ಹೊರಗೆ ಆಯಿಲ್ ಬದಲಿಸಿದ್ದನ್ನು ಬರೆದುಕೊಳ್ಳಲೇಬೇಕು, ಯಾವ ಆಯಿಲ್ ಹಾಕಿದ್ದೆಂದು ತಿಳಿಯದಿದ್ದರೆ ನಾಳೆ ಇಂಜಿನ್ನಿಗೇನಾದರೂ ಆದಾಗ ವಾರಂಟಿಗೆ ತೊಂದರೆಯಾಗಬಹುದು ಎಂದಳು ಆ ಹೆಣ್ಣುಮಗಳು. ಮನೆಯವರ ಮುಖ ಸುಣ್ಣದ ಗೋಡೆಯಾಯಿತು. ಪರ್ಸು ನನ್ನ ಕಂಕುಳಲ್ಲಿತ್ತು. ಅದರಿಂದ ಬಿಲ್ಲು ತೆಗೆದರೆ ವಾರಂಟಿ ಉಳಿಯುತ್ತಿತ್ತು. ಮಾವ ಸುಳ್ಳಾಡಿದ್ದೂ, ನಾನು ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದೂ ಬಯಲಾಗುತ್ತಿತ್ತು. ಪಿನ್ನು ಚುಚ್ಚಿಕೊಂಡೇ ಬಿಲ್ಲು ಹೊರಗೆ ತೆಗೆದೆ.

ಅವಳು ಓದಿದಳು. "ಪುಸ್ತಕದಲ್ಲಿರೋದೇ ಹಾಕಿದ್ದಾರೆ ಸರ್. ಫಿಲ್ಟರೂ ಸರಿ ಇದೆ. ಬಿಲ್ ಕಾಪಿ ಇಟ್ಕೊಳ್ತೀನಿ, ಏನೂ ತೊಂದ್ರೆ ಆಗಲ್ಲ."

ಮನೆಯವರು ನನ್ನ ಕಡೆ ತಿರುಗಿದರು. "ನೀನೂ ಇದ್ದೆಯಾ?"

"ಟಾರ್ಚ್ ಹಿಡ್ಕೊಂಡಿದ್ದೆ," ಎಂದೆ.

ವಾಪಸು ಬರುವಾಗ ಐಮಂಗಲದವರೆಗೆ ಕಾರಿನಲ್ಲಿ ಇಂಜಿನ್ ಒಂದೇ ಮಾತಾಡಿತು. ಅಲ್ಲಿ ಒಂದು ಟೀ ಅಂಗಡಿಯ ಮುಂದೆ ಮನೆಯವರು ನಿಲ್ಲಿಸಿದರು. ಗ್ಲಾಸು ಕೈಗೆ ಬಂದ ಮೇಲೆ, "ಅಪ್ಪಾಜಿ, ನನಗೊಂದು ಮಾತು ಕೇಳಬಾರದಿತ್ತಾ?" ಎಂದರು.

"ಕೇಳಿದ್ನಲ್ಲಪ್ಪ. ಮೂರು ಸಲ ಕೇಳ್ದೆ. ನೀನು ಪುಸ್ತಕ ತೋರ್ಸಿದೆ."

ಮನೆಯವರು ಟೀ ಊದುತ್ತ ನಿಂತರು. "ಕೆಳಗೆ ಹೆಂಗೆ ತೂರಿದ್ರಿ?"

"ಚಪ್ಪಡಿ ಮ್ಯಾಲೆ ಹತ್ಸಿದ್ದೆ."

"ಕಲ್ಲು ಜಾರಿದ್ರೆ? ಮನೇಲಿ ಇವಳೊಬ್ಬಳು. ವಾರಂಟಿ ಇರೋದು ಗಾಡಿಗೆ ಅಪ್ಪಾಜಿ, ನಿಮಗಲ್ಲ." ಟಾರ್ಚ್ ಹಿಡಿದು ಕೂತವಳಿಗೆ ಆ ಯೋಚನೆ ಬಂದೇ ಇರಲಿಲ್ಲ.

"ನಂದು ಮುಗ್ದು ಭಾಳ ದಿನ ಆತು ಬಿಡು. ಈಗೇನಿದ್ರೂ ಆಯಿಲ್ ಮ್ಯಾಲೆ ಓಡ್ತಿರೋದು," ಎಂದರು ಮಾವ. ಆದರೂ ಗ್ಲಾಸನ್ನು ಬಾಯಿಗೆತ್ತದೆ ಬಹಳ ಹೊತ್ತು ಹಿಡಿದುಕೊಂಡಿದ್ದರು. ಹೊರಡುವಾಗ ಮನೆಯವರು ಮುಂದಿನ ಬಾಗಿಲು ತೆರೆದು ಅವರನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಹಿಂದೆ ಕೂತೆ.

ಹತ್ತು ಸಾವಿರವಾದಾಗ ಆಯಿಲ್ ಬದಲಿಸುವುದನ್ನು ನೋಡಲು ಮಗನೇ ಅಪ್ಪನನ್ನು ಕರೆದೊಯ್ದು ಕುರ್ಚಿ ಹಾಕಿಸಿ ಕೂರಿಸಿದರು. ಮನೆಗೆ ಬಂದು, ಹೊಸ್ತಿಲ ಪೇಂಟು ಎಲ್ಲಿದೆ ಎಂದು ನನ್ನನ್ನು ಕೇಳಿದರು. ಅಂದಿನಿಂದ ಬಾನೆಟ್ಟಿನ ಒಳಗೆ ಮಾವನ ಅಂಕಿಯ ಕೆಳಗೆ ಮೇಷ್ಟ್ರ ಅಂಕಿಗಳು ಸಾಲಾಗಿ ಇಳಿದಿವೆ. ವಾರಂಟಿ ಒಮ್ಮೆಯೂ ಬೇಕಾಗದೆ ಮುಗಿದುಹೋಯಿತು. ಮಾವನ ಆಯಿಲಿನಿಂದ ಇಂಜಿನ್ ಚೆನ್ನಾಗಿದೆಯೋ, ಅದು ಹುಟ್ಟಿದ್ದೇ ಹಾಗೋ, ಯಾರು ಹೇಳಬಲ್ಲರು? ಮನೆಯಲ್ಲಿ ಈ ಬಗ್ಗೆ ಇನ್ನೂ ಎರಡು ಪಕ್ಷಗಳಿವೆ.

ಇವತ್ತು ಕಾರು ಸರ್ವೀಸಿನಿಂದ ಬಂತು. ಮನೆಯವರಿಗೆ ಭುಜ ಹಿಡಿದುಕೊಂಡು ಕೈ ಮೇಲಕ್ಕೆ ಏಳುತ್ತಿಲ್ಲ. ಎಂಬತ್ತು ತುಂಬಿದ ಮಾವ ಹಿತ್ತಲ ಬಾಗಿಲ ನೆರಳಲ್ಲಿ ಕುರ್ಚಿ ಹಾಕಿಕೊಂಡು, "ನೀನೇ ಬರಿಯಮ್ಮ," ಎಂದರು. ಬಾನೆಟ್ ಎತ್ತಿ, ಕುಂಚ ಹಿಡಿದು ಬರೆದೆ. ಕಾನ್ವೆಂಟಿನವಳ ಕನ್ನಡ ಅಂಕಿ ಸ್ವಲ್ಪ ಸೊಟ್ಟಗಾಯಿತು. ಕಡ್ಡಿ ಎಳೆದು ತುದಿಯ ಹನಿಯನ್ನು ಮಾವನ ಹೆಬ್ಬೆರಳಿಗೆ ಮುಟ್ಟಿಸಿದೆ. ಅವರಿಗೀಗ ಕಣ್ಣು ಮಂಜು. ಬೆರಳು ಉಜ್ಜುತ್ತ ಬಹಳ ಹೊತ್ತು ಕೂತರು.

"ನುಣ್ಣಗೈತೆ," ಎಂದರು.

ಒರೆಸಿಕೊಳ್ಳಲೆಂದು ಬಟ್ಟೆ ಕೊಟ್ಟೆ. ಅದನ್ನು ಪಕ್ಕಕ್ಕೆ ಸರಿಸಿ, ಕೈಚಾಚಿ ಬೆರಳನ್ನು ಬಾಗಿಲಿಗೆ ಒರೆಸಿದರು. ಹಸಿರು ಪೇಂಟಿನ ಡಬ್ಬ ಅಲ್ಲೇ ಮೂಲೆಯಲ್ಲಿತ್ತು. ಅದು ಮುಂದಿನ ಗೇಟಿಗೆ ಸಾಕಾದೀತು ಎಂದುಕೊಂಡು, ನನ್ನ ಬೆರಳನ್ನೂ ಅವರ ಬೆರಳಿನ ಗುರುತಿನ ಪಕ್ಕದಲ್ಲೇ ಒರೆಸಿದೆ.